ಬೋರ್ಡು ತೆಗೆಯುವ ಕೆಲಸ

ನರ್ಸಿಂಗ್ ಕಾಲೇಜಿನ ಮೂರನೇ ಮಹಡಿಯಲ್ಲಿ, ಲಿಫ್ಟು ಕೂಡ ಹತ್ತಲು ಮನಸ್ಸು ಮಾಡದ ಮೂಲೆಯಲ್ಲಿ, ಒಂದು ಕೋಣೆಯಿತ್ತು. ಅದರ ಬಾಗಿಲ ಮುಂದೆ ಎಂ.ಎಸ್ಸಿ. ವಿದ್ಯಾರ್ಥಿನಿಯರು ಎದೆಗೆ ಫೈಲು ಅವಚಿಕೊಂಡು ಸಾಲಾಗಿ ನಿಂತಿರುತ್ತಿದ್ದರು. ಇವರೆಲ್ಲ ಸಾಮಾನ್ಯರಲ್ಲ. ತೆರೆದ ಹೊಟ್ಟೆ ಕಂಡು ಕಣ್ಣು ಮಿಟುಕಿಸದವರು, ಕುಡಿದು ಬಂದ ರೋಗಿಯನ್ನು ಒಂದೇ ಗದರಿಕೆಗೆ ಮಂಚಕ್ಕೆ ಅಂಟಿಸಿದವರು, ಸರ್ಜನ್ ಎಸೆದ ಕತ್ತರಿಯನ್ನು ಗಾಳಿಯಲ್ಲೇ ಹಿಡಿದವರು. ಆದರೆ ಈ ಬಾಗಿಲ ಮುಂದೆ ಮಾತ್ರ ಆ ವೀರಾಗ್ರಣಿಯರು ನೀನು ಮೊದಲು ಹೋಗು ಎಂದು ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳುತ್ತಿದ್ದರು. ಕಾರಣ, ಒಳಗೆ ಕೂತಿದ್ದವರು ಒಂದ್ ವಾಕ್ಯದ ಮೇಡಂ.

ಮೇಡಂ ಪಾಠ ಮಾಡುತ್ತಿದ್ದುದು ಸಂಶೋಧನಾ ವಿಧಾನ. ಅದರಲ್ಲೂ ಅವರ ಸಾಮ್ರಾಜ್ಯ ಒಂದು ಅಂಗೈ ಅಗಲದ್ದು: ಸಮಸ್ಯಾ ಹೇಳಿಕೆ. ಸಂಶೋಧನೆ ಶುರುವಾಗುವ ಮೊದಲು, ಯಾವ ತೊಂದರೆಯನ್ನು ಹುಡುಕಲು ಹೊರಟಿದ್ದೇವೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಆ ವಾಕ್ಯಕ್ಕೆ ನಾಲ್ಕು ಕಾಲಿರಬೇಕು: ಯಾರಿಗೆ, ಎಲ್ಲಿ, ಏನಾಗುತ್ತಿದೆ, ಅದು ನಮಗೆ ಗೊತ್ತಾದದ್ದು ಹೇಗೆ. ಒಂದು ಕಾಲು ಕುಂಟಿದರೂ ಮೇಡಂ ಸಹಿ ಹಾಕುತ್ತಿರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಹಾಕಿರಲಿಲ್ಲ.

ಒಮ್ಮೆ ಒಬ್ಬಳು ಬಂದಳು. ಅವಳ ಹಾಳೆಯಲ್ಲಿ ‘ರೋಗಿಗಳ ಸಮಗ್ರ ಯೋಗಕ್ಷೇಮದಲ್ಲಿ ಶುಶ್ರೂಷಕಿಯರ ಬಹುಮುಖಿ ಪಾತ್ರ’ ಎಂದಿತ್ತು.

“ಯಾವ ರೋಗಿಗಳಮ್ಮ?”

“ಎಲ್ಲಾ ರೋಗಿಗಳು ಮೇಡಂ.”

“ಎಲ್ಲಿಯವರು?”

“ಎಲ್ಲಾ ಕಡೆಯವರು.”

“ಭೂಮಿ ಮೇಲಿರೋ ಅಷ್ಟೂ ಜನಾನ? ನಿನ್ನ ಕೈಲಿ ಎಷ್ಟು ತಿಂಗಳಿದೆ?”

“ಹನ್ನೆರಡು ಮೇಡಂ.”

“ಹಾಗಾದ್ರೆ ಇಲ್ಲಿ ಕೂತಿದ್ದೀಯಲ್ಲ ತಾಯಿ, ಬೇಗ ಹೊರಡು.”

ಇನ್ನೊಬ್ಬಳು, ‘ವಾರ್ಡಿನಲ್ಲಿ ತರಬೇತಿ ಕಾರ್ಯಕ್ರಮ ಇಲ್ಲದಿರುವುದೇ ಸಮಸ್ಯೆ’ ಎಂದು ಬರೆದು ತಂದಿದ್ದಳು. ಮೇಡಂ ಕನ್ನಡಕದ ಮೇಲಿಂದ ನೋಡಿದರು. “ನಿನಗೆ ತಲೆನೋವು ಬಂದ್ರೆ ಡಾಕ್ಟರ ಹತ್ರ ಏನಂತ ಹೇಳ್ತೀಯ? ಮಾತ್ರೆ ಇಲ್ಲದ ಕಾಯಿಲೆ ಬಂದಿದೆ ಅಂತೀಯಾ? ಅದು ನೋವಲ್ಲ, ಮದ್ದು. ಮದ್ದನ್ನ ಆಮೇಲೆ ತಗೊಂಡು ಬಾ. ಮೊದಲು ಎಲ್ಲಿ ನೋಯ್ತಿದೆ ಹೇಳು.” ಆ ಹುಡುಗಿ ಕಾರಿಡಾರಿನಲ್ಲಿ ಗೋಡೆಗೆ ಒರಗಿ ಅತ್ತಳು. ಆದರೆ ನಾಲ್ಕನೇ ಸಲ ಬಂದಾಗ ಎಲ್ಲಿ ನೋಯುತ್ತಿದೆ ಎಂಬುದನ್ನು ಚೊಕ್ಕವಾಗಿ ತಂದಿದ್ದಳು. ಈಗ ಅವಳೇ ಇನ್ನೊಂದು ಕಾಲೇಜಿನಲ್ಲಿ ಹುಡುಗಿಯರನ್ನು ಅಳಿಸುತ್ತಿದ್ದಾಳಂತೆ. ವಿದ್ಯೆ ಹರಡುವುದು ಹೀಗೆ.

ಇಂಥ ಚಕ್ರವರ್ತಿನಿಗೆ ಮನೆಯಲ್ಲಿ ಸಿಕ್ಕಿದ್ದ ಗಂಡ ಬಸ್ ಕಂಡಕ್ಟರು. ಮೂವತ್ತು ವರ್ಷ ನಿಂತು ಟಿಕೆಟ್ ಹರಿದ ಮನುಷ್ಯ, ಮನೆಗೆ ಬಂದ ಕೂಡಲೇ ಕೂತು ಮಾತು ಶುರು ಮಾಡುತ್ತಿದ್ದರು. ಬಸ್ಸು ಹತ್ತು ನಿಮಿಷ ತಡವಾಯಿತು ಎಂಬ ಸುದ್ದಿಯನ್ನು ಹೇಳಲು ಅವರು ಬಸ್ಸಿಗೆ ಅಡ್ಡ ಬಂದ ಮೇಕೆಯಿಂದ ಹೊರಟು, ಮೇಕೆಯ ಯಜಮಾನಿ, ಅವಳ ಮುನಿಸಿಕೊಂಡ ಭಾವ, ಭಾವನ ಕಿತ್ತುಹೋದ ಚಪ್ಪಲಿ, ಇಷ್ಟನ್ನೂ ಸುತ್ತಿ ಬರುತ್ತಿದ್ದರು.

“ರೀ, ವಿಷಯಕ್ಕೆ ಬನ್ನಿ,” ಎಂದು ಮೇಡಂ ಸಿಡುಕುತ್ತಿದ್ದರು.

“ಬರ್ತಾ ಇದೀನಿ ಮೇಡಮ್ಮ, ಮಧ್ಯೆ ನಾಲ್ಕು ಸ್ಟಾಪಿದೆ.”

ಮಗಳು ಅಪ್ಪನ ಕಡೆ. ಅವಳು ಆ ನಾಲ್ಕು ಸ್ಟಾಪಿಗಾಗಿಯೇ ಊಟದ ತಟ್ಟೆ ಒಣಗಿದರೂ ಏಳದೆ ಕೂರುತ್ತಿದ್ದಳು. ಮೇಡಂ ಮಾತ್ರ ಒಂದು ಕಿವಿ ಅಲ್ಲಿಟ್ಟು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಕಂಡಕ್ಟರು ಹೋಗಿ ಈಗ ಎರಡು ವರ್ಷ. ಊಟದ ಮೇಜಿನಲ್ಲಿ ಈಗ ತಾಯಿ ಮಗಳು ಇಬ್ಬರೇ. ಸುದ್ದಿಗಳೆಲ್ಲ ಒಂದೊಂದೇ ವಾಕ್ಯದಲ್ಲಿ ಮುಗಿದುಹೋಗುತ್ತವೆ.

ಈ ವರ್ಷ ಕಾಲೇಜಿಗೆ ಸೇರಿದವರಲ್ಲಿ ಒಬ್ಬ ಸಿಸ್ಟರ್ ಇದ್ದರು. ವಯಸ್ಸು ನಲವತ್ತನಾಲ್ಕು. ಬೇರೊಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ಹದಿನೆಂಟು ವರ್ಷ ದುಡಿದು, ರಜೆ ಹಾಕಿ ಓದಲು ಬಂದವರು. ಜೊತೆಯ ಹುಡುಗಿಯರು ಅವರನ್ನು ವಾರ್ಡಕ್ಕ ಎನ್ನುತ್ತಿದ್ದರು. ತರಗತಿಯಲ್ಲಿ ಯಾರಾದರೂ ಕೆಮ್ಮಿದರೆ ಅಕ್ಕನ ಕೈ ತಾನಾಗಿಯೇ ಅವರ ಬೆನ್ನಿಗೆ ಹೋಗುತ್ತಿತ್ತು. ಇಂಗ್ಲಿಷ್ ಪುಸ್ತಕ ಕಂಡರೆ ಆಕಳಿಕೆ ಬರುತ್ತಿತ್ತು. ಈಕೆಯ ಸಮಸ್ಯಾ ಹೇಳಿಕೆ ಹುಟ್ಟುವಷ್ಟರಲ್ಲಿ ತನ್ನ ನಿವೃತ್ತಿಯೇ ಆಗಿಬಿಡುತ್ತದೆ ಎಂದು ಮೇಡಂ ಲೆಕ್ಕ ಹಾಕಿದ್ದರು.

ಹಾಗಾಗಲಿಲ್ಲ. ಮೊದಲ ದಿನವೇ ವಾರ್ಡಕ್ಕ ಒಂದು ಹಾಳೆ ತಂದು ಮೇಜಿನ ಮೇಲಿಟ್ಟರು. ನೋಟ್‌ಬುಕ್ಕಿನಿಂದ ಹರಿದ ಹಾಳೆ, ದುಂಡನೆಯ ಅಕ್ಷರ.

‘ಸರ್ಜರಿ ವಾರ್ಡಿನಲ್ಲಿ ಆಪರೇಷನ್ ಮುಂದಕ್ಕೆ ಹೋದ ಮೇಲೂ ರೋಗಿಯ ಮಂಚದ “ಬಾಯಿಗೆ ಏನೂ ಕೊಡಬಾರದು” ಎಂಬ ಬೋರ್ಡನ್ನು ಯಾರೂ ತೆಗೆಯದಿರುವುದರಿಂದ, ರೋಗಿಗಳು ಕಾರಣವಿಲ್ಲದೆ ಎಷ್ಟು ಗಂಟೆ ನೀರಿಲ್ಲದೆ ಇರುತ್ತಾರೆ?’

ಮೇಡಂ ಓದಿದರು. ಇನ್ನೊಮ್ಮೆ ಓದಿದರು. ಕೆಂಪು ಪೆನ್ನು ಹಾಳೆಯಿಂದ ಎರಡು ಅಂಗುಲ ಮೇಲೆ ನಿಂತೇ ಇತ್ತು.

“ಇದು ನಿಮಗೆ ಹೇಗೆ ಹೊಳೀತು ಸಿಸ್ಟರ್?”

“ಹೊಳೆಯೋದೇನು ಮೇಡಂ, ದಿನಾ ನೋಡೋದೇ. ಬೆಳಿಗ್ಗೆ ಒಂಬತ್ತಕ್ಕೆ ಆಪರೇಷನ್ ಅಂತ ಹಿಂದಿನ ರಾತ್ರಿ ಬೋರ್ಡು ನೇತು ಹಾಕ್ತೀವಿ. ಯಾವುದೋ ಆಕ್ಸಿಡೆಂಟ್ ಕೇಸು ಬರುತ್ತೆ, ಥಿಯೇಟರ್ ಅದಕ್ಕೆ ಹೋಗುತ್ತೆ, ಇವರದು ನಾಳೆಗೆ ಅಂತ ಫೋನ್ ಬರುತ್ತೆ. ಫೋನ್ ತಗೊಂಡವಳು ಊಟಕ್ಕೆ ಹೋಗ್ತಾಳೆ. ಬೋರ್ಡು ಅಲ್ಲೇ ಇರುತ್ತೆ.” ವಾರ್ಡಕ್ಕ ಕೈಯಲ್ಲಿ ದಾರ ನೇತು ಹಾಕುವಂತೆ ಮಾಡಿ ತೋರಿಸಿದರು. “ಹಾಕೋದು ಯಾರ ಕೆಲಸ ಅಂತ ಎಲ್ಲರಿಗೂ ಗೊತ್ತು ಮೇಡಂ, ಅದಕ್ಕೆ ಸಹಿ ಇದೆ. ತೆಗೆಯೋದು ಯಾರ ಕೆಲಸ ಅಂತ ಯಾರಿಗೂ ಗೊತ್ತಿಲ್ಲ. ಅದಕ್ಕೆ ಕಾಲಮ್ಮೇ ಇಲ್ಲ.”

ಇಪ್ಪತ್ತೆರಡು ವರ್ಷದಲ್ಲಿ ಇಂಥ ಹೇಳಿಕೆ ಮೊದಲ ಸಲಕ್ಕೆ ಬಂದದ್ದಿಲ್ಲ. ಮೂರು ಕಾಲು ನೆಟ್ಟಗೆ ನೆಲದ ಮೇಲಿದ್ದವು. ನಾಲ್ಕನೆಯದನ್ನು ಒಂದು ಸಾಲಿನಲ್ಲಿ ನಿಲ್ಲಿಸಬಹುದಿತ್ತು. ಮೇಡಂ ಎದ್ದು ನಿಂತು ಬೆನ್ನು ತಟ್ಟಬೇಕಾದ ಗಳಿಗೆ ಅದು. ಅವರು ಕನ್ನಡಕ ತೆಗೆದು ಒರೆಸಿದರು.

“ವಿಷಯ ತುಂಬಾ ಚಿಕ್ಕದಾಯ್ತು ಸಿಸ್ಟರ್. ಸ್ವಲ್ಪ ವಿಸ್ತಾರ ಮಾಡ್ಕೊಂಡು ಬನ್ನಿ.”

ಹೊರಗೆ ನಿಂತ ಹುಡುಗಿಯರು ಇದನ್ನು ಕೇಳಿಸಿಕೊಂಡರು. ಮಧ್ಯಾಹ್ನದೊಳಗೆ ಕಾಲೇಜಿಡೀ ಸುದ್ದಿ: ಒಂದ್ ವಾಕ್ಯದ ಮೇಡಂ ಬಾಯಲ್ಲಿ ‘ವಿಸ್ತಾರ’ ಎಂಬ ಪದ ಬಂತಂತೆ! ಒಬ್ಬಳು ಮೇಡಂಗೆ ಜ್ವರವಿರಬೇಕು ಎಂದಳು. ಇನ್ನೊಬ್ಬಳು ವಾರ್ಡಕ್ಕನ ಮೇಲೆ ಏನೋ ಹಗೆ ಇರಬೇಕು ಎಂದಳು. ವಾರ್ಡಕ್ಕ ಮಾತ್ರ ವಿಧೇಯ ಸೈನಿಕನಂತೆ ಹಾಳೆಯನ್ನು ಮಡಿಸಿಕೊಂಡು ಹೋದರು.

ಎರಡನೇ ಸಲ ‘ನೀರು’ ಎಂಬುದು ‘ದ್ರವಾಹಾರ’ವಾಗಿತ್ತು. ಮೇಡಂ ಸಾಲದು ಎಂದರು. ಮೂರನೇ ಸಲ ‘ಬೋರ್ಡು’ ಹೋಗಿ ‘ಸಂವಹನ ವ್ಯವಸ್ಥೆ’ ಬಂತು. “ಹೂಂ, ಇನ್ನೂ ಸ್ವಲ್ಪ,” ಎಂದರು. ನಾಲ್ಕನೇ ಸಲಕ್ಕೆ ಗಂಟೆಗಳು ಮಾಯವಾದವು. ಐದನೇ ಸಲ ವಾರ್ಡಕ್ಕ ತಂದ ಹಾಳೆಯಲ್ಲಿ ‘ಶಸ್ತ್ರಚಿಕಿತ್ಸಾ ಪೂರ್ವ ರೋಗಿಗಳ ಸಮಗ್ರ ಆರೈಕೆಯಲ್ಲಿ ಸಂವಹನದ ಪಾತ್ರದ ಕುರಿತು ಒಂದು ಅವಲೋಕನ’ ಎಂದಿತ್ತು. ಐದು ವಾರಗಳ ಮುತ್ತಿಗೆಯ ಕೊನೆಗೆ ಮೇಡಂ ಗೆದ್ದಿದ್ದರು. ವಾಕ್ಯದೊಳಗೆ ಈಗ ಮನುಷ್ಯರು ಯಾರೂ ಇರಲಿಲ್ಲ. ಮಂಚ ಇರಲಿಲ್ಲ. ಬಾಯಾರಿದವರು ಇರಲಿಲ್ಲ.

“ಇದನ್ನ ಇಟ್ಟಿರಿ. ನೋಡ್ತೀನಿ,” ಎಂದರು. ಸಹಿ ಹಾಕಲಿಲ್ಲ. ಕೈ ಬರಲಿಲ್ಲ.

ಕೈ ಬಾರದಿದ್ದುದಕ್ಕೆ ಕಾರಣವಿತ್ತು. ಅದು ಎರಡು ವರ್ಷ ಹಿಂದಿನ ಒಂದು ಮಧ್ಯಾಹ್ನದ್ದು.

ಕಂಡಕ್ಟರಿಗೆ ಪಿತ್ತಕೋಶದಲ್ಲಿ ಕಲ್ಲು. ದೊಡ್ಡ ಕಾಯಿಲೆಯೇನಲ್ಲ, ಮೂರು ದಿನದಲ್ಲಿ ಮನೆಗೆ ಎಂದಿದ್ದರು. ಹಿಂದಿನ ರಾತ್ರಿ ಹತ್ತಕ್ಕೆ ಬೋರ್ಡು ನೇತು ಹಾಕಿದರು. ಬೆಳಿಗ್ಗೆ ಒಂಬತ್ತಕ್ಕೆ ಹೋಗಬೇಕಿದ್ದವರು ಹಸಿರು ನಿಲುವಂಗಿ ತೊಟ್ಟು ಕಾದರು. ಮಧ್ಯಾಹ್ನ ಒಂದೂವರೆಗೆ ಥಿಯೇಟರಿನಿಂದ ಫೋನು ಬಂತು: ನಾಳೆಗೆ. ಮೇಡಂ ಕ್ಲಾಸು ಮುಗಿಸಿಕೊಂಡು ವಾರ್ಡಿಗೆ ಬಂದಾಗ ನಾಲ್ಕು ಗಂಟೆ.

“ಟ್ರಿಪ್ಪು ಕ್ಯಾನ್ಸಲ್ ಮೇಡಮ್ಮ. ನಾಳೆ ಫಸ್ಟ್ ಬಸ್ಸಂತೆ,” ಎಂದರು ಗಂಡ. ತುಟಿ ಒಡೆದಿತ್ತು. “ಒಂದು ಲೋಟ ನೀರು ಕೊಡು.”

ಮೇಡಂ ಬೋರ್ಡು ನೋಡಿದರು. ಮೇಡಂ ಅಡಿಯಿಂದ ಮುಡಿಯವರೆಗೆ ನರ್ಸು. ಮಂಚದ ಮೇಲೆ ಏನು ನೇತಾಡುತ್ತಿದೆಯೋ ಅದನ್ನು ಮೀರುವುದು ಅವರ ರಕ್ತದಲ್ಲೇ ಇರಲಿಲ್ಲ. ಅವರು ಹೋಗಿ ಡ್ಯೂಟಿಯಲ್ಲಿದ್ದ ಹುಡುಗಿಯನ್ನು ಕೇಳಿದರು. ಹುಡುಗಿ ಅವರದೇ ಹಳೆಯ ವಿದ್ಯಾರ್ಥಿನಿ. ಎದ್ದು ನಿಂತಳು.

“ಮುಂದಕ್ಕೆ ಹಾಕಿದ್ದು ನಿಜ ಮೇಡಂ. ಆದ್ರೆ ಫೋನಲ್ಲಿ ಹೇಳಿದ್ದು, ಡಾಕ್ಟರು ಬರೆದಿಲ್ಲ. ಬರೆಯದ ಆರ್ಡರ್ ಆರ್ಡರೇ ಅಲ್ಲ ಅಂತ ನೀವೇ ಹೇಳಿಕೊಟ್ಟಿದ್ದು. ಡಾಕ್ಟರು ಸಂಜೆ ರೌಂಡ್ಸಿಗೆ ಬರ್ತಾರೆ, ಕೇಳಿ ತೆಗೆದುಬಿಡ್ತೀನಿ.”

ಮೇಡಂಗೆ ಆ ಕ್ಷಣದಲ್ಲಿ ಆದದ್ದು ಸಿಟ್ಟಲ್ಲ. ಹೆಮ್ಮೆ. ಪಾಠ ನಾಟಿದೆ ಎಂದು ಖುಷಿ. ಆ ಖುಷಿಯನ್ನು ಅವರು ಆಮೇಲೆ ಎಷ್ಟು ಸಲ ನೆನೆದು ಹಲ್ಲು ಕಚ್ಚಿದರೋ! ಒಂದು ಫೋನು ಮಾಡಿ ಡಾಕ್ಟರನ್ನು ಕೇಳಬಹುದಿತ್ತು. ಆ ಡಾಕ್ಟರು ಅವರಿಗೆ ಗೊತ್ತಿದ್ದವರೇ. ಆದರೆ ಕಾಲೇಜಿನ ಹೆಸರು ಹೇಳಿಕೊಂಡು ತನ್ನ ಗಂಡನಿಗೆ ವಿಶೇಷ ಮಾಡಿಸಿಕೊಂಡರು ಎಂಬ ಮಾತು ಬರಬಾರದಲ್ಲ? ಅವರು ವಾಪಸ್ಸು ಬಂದು ಸ್ಟೂಲಿನ ಮೇಲೆ ಕೂತು, ಹತ್ತಿಯನ್ನು ಒದ್ದೆ ಮಾಡಿ ಗಂಡನ ತುಟಿ ಒರೆಸಿದರು. ಸಲೈನ್ ಹೋಗುತ್ತಿದೆ, ಮೈಗೆ ನೀರಿನ ಕೊರತೆಯಿಲ್ಲ ಎಂದು ವಿವರಿಸಿದರು.

“ಮೈಗೆ ಇಲ್ಲ ಕಣೆ, ಬಾಯಿಗಿದೆ,” ಎಂದರು ಗಂಡ.

ಏಳು ಗಂಟೆಗೆ ಭೇಟಿಯ ಸಮಯ ಮುಗಿಯಿತು. ಮೇಡಂ ನಿಯಮದಂತೆ ಎದ್ದರು. ಡಾಕ್ಟರು ಬಂದದ್ದು ಏಳೂವರೆಗೆ. ನಾಳೆಯ ಆಪರೇಷನ್ನಿಗಾಗಿ ‘ಇಂದು ರಾತ್ರಿ ಹತ್ತರಿಂದ ಬಾಯಿಗೆ ಏನೂ ಬೇಡ’ ಎಂದು ಬರೆದು ಹೋದರು. ಬೋರ್ಡು ಹೇಗೂ ಇತ್ತಲ್ಲ, ಹಾಗೇ ಇತ್ತು. ಮಾರನೆಯ ದಿನ ಹತ್ತಕ್ಕೆ ಥಿಯೇಟರಿಗೆ ಹೋದ ಕಂಡಕ್ಟರು ಮತ್ತೆ ಕಣ್ಣು ಬಿಡಲಿಲ್ಲ. ಒಳಗೆ ರಕ್ತಸ್ರಾವ, ಸಾವಿರಕ್ಕೊಬ್ಬರಿಗೆ ಆಗುವಂಥದ್ದು, ಯಾರ ತಪ್ಪೂ ಅಲ್ಲ ಎಂದರು. ಮೂರನೇ ದಿನ ತೀರಿಕೊಂಡರು.

ನೀರಿಗೂ ಸಾವಿಗೂ ಸಂಬಂಧವಿಲ್ಲ. ಅದು ಮೇಡಂಗೆ ಯಾವ ಡಾಕ್ಟರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಸಂಬಂಧವಿದ್ದಿದ್ದರೆ ಎಷ್ಟೋ ವಾಸಿಯಿತ್ತು, ಅಳುವುದಕ್ಕೆ ಒಂದು ಹೆಸರು ಸಿಗುತ್ತಿತ್ತು. ಇಲ್ಲಿ ಉಳಿದದ್ದು ಇಷ್ಟೇ: ಮೂವತ್ತು ವರ್ಷ ಜೊತೆಗಿದ್ದ ಮನುಷ್ಯ ಕೊನೆಯದಾಗಿ ಕೇಳಿದ್ದು ಒಂದು ಲೋಟ ನೀರು, ಕೊಡಬಹುದಾಗಿತ್ತು, ಕೊಡಲಿಲ್ಲ.

ಮಗಳು ಆಗ ಬೇರೆ ಊರಿನ ಶಾಲೆಯಲ್ಲಿ ಟೀಚರು. ಅವಳು ಓಡಿ ಬರುವಷ್ಟರಲ್ಲಿ ಅಪ್ಪ ಕೊಳವೆಗಳ ನಡುವೆ ಮಲಗಿದ್ದರು. ಎಲ್ಲ ಮುಗಿದ ಮೇಲೆ ಒಂದು ದಿನ ಕೇಳಿದಳು: “ಅಮ್ಮ, ಹಿಂದಿನ ದಿನ ಅಪ್ಪ ಹೇಗಿದ್ರು? ಏನಾದ್ರೂ ಕೇಳಿದ್ರಾ?”

“ಚೆನ್ನಾಗೇ ಇದ್ರು. ಏನೂ ಕೇಳಲಿಲ್ಲ,” ಎಂದಿದ್ದರು ಮೇಡಂ. ಅವರ ಇಡೀ ಬದುಕಿನ ಅತಿ ಸ್ಪಷ್ಟವಾದ ಸುಳ್ಳು ಅದು. ಮಗಳು ನೆಮ್ಮದಿಯಿಂದ ತಲೆಯಾಡಿಸಿದ್ದಳು. ಆಮೇಲೆ ವರ್ಗ ಮಾಡಿಸಿಕೊಂಡು ತಾಯಿಯ ಜೊತೆಗೇ ಇರಲು ಬಂದಳು.

ವಾರ್ಡಕ್ಕನ ಹಾಳೆ ಪಾಸಾದರೆ ಅದು ಸಂಶೋಧನಾ ಪ್ರಬಂಧದ ಪುಸ್ತಕವಾಗುತ್ತದೆ. ಪುಸ್ತಕಕ್ಕೆ ಗೈಡ್ ಎಂದು ಮೇಡಂ ಹೆಸರು ಬೀಳುತ್ತದೆ. ವರ್ಷವಿಡೀ ವಾರ್ಡಕ್ಕ ವಾರಕ್ಕೆರಡು ಸಲ ಈ ಮೇಜಿನ ಮುಂದೆ ಕೂತು, ಆ ಮಂಚದವರು ಎಷ್ಟು ಗಂಟೆ, ಈ ಮಂಚದವರು ಎಷ್ಟು ಗಂಟೆ ಎಂದು ಓದಿ ಹೇಳುತ್ತಾರೆ. ಅಷ್ಟನ್ನು ಕೇಳಿಕೊಂಡು ಮನೆಗೆ ಹೋಗಿ ಮಗಳ ಎದುರು ಊಟಕ್ಕೆ ಕೂರಬೇಕು. ಅದು ತನ್ನಿಂದಾಗದು ಎಂದು ಮೇಡಂಗೆ ಅನ್ನಿಸಿತ್ತು. ಹಾಗೆಂದು ಅವರು ಯಾರಿಗೂ ಹೇಳಲಿಲ್ಲ. ‘ವಿಸ್ತಾರ ಮಾಡಿ’ ಎಂದರು.

ಹೇಳಿಕೆಗಳನ್ನು ಪಾಸು ಮಾಡುವ ಕಾಲೇಜಿನ ಕಮಿಟಿಗೆ ಕೊಡಲು ಎರಡು ದಿನ ಉಳಿದಿತ್ತು. ಮೇಡಂ ಐದನೇ ಹಾಳೆಯನ್ನು ಮನೆಗೆ ತಂದಿದ್ದರು. ಸಂಜೆ ಮಗಳು ಮೇಜು ಒರೆಸುತ್ತಾ ಅದನ್ನು ಎತ್ತಿಕೊಂಡು ಜೋರಾಗಿ ಓದಿದಳು.

“ಸಮಗ್ರ ಆರೈಕೆಯಲ್ಲಿ ಸಂವಹನದ ಪಾತ್ರದ ಕುರಿತು ಒಂದು ಅವಲೋಕನ... ಏನಮ್ಮ ಇದು? ಯಾರು ಬರೆದಿದ್ದು?”

“ಒಬ್ರು ಸಿಸ್ಟರ್.”

“ನಿನ್ನ ಹತ್ರ ಇಂಥದ್ದು ಬಂದು ಜೀವಂತ ವಾಪಸ್ ಹೋಗುತ್ತಾ? ನಾನು ಎಂಟನೇ ಕ್ಲಾಸಲ್ಲಿ ಪ್ರಬಂಧ ಬರೆದಾಗ ‘ಪ್ರಕೃತಿ ಅಂದ್ರೆ ಯಾವ ಮರ ಹೇಳು’ ಅಂತ ನೀನು ಹರಿದು ಹಾಕಿದ್ದೆ. ನನ್ನ ಮೇಲೆ ಮಾತ್ರ ಪೌರುಷನಾ?” ಮಗಳು ನಗುತ್ತಿದ್ದಳು. “ಪಾಪ, ಈಯಮ್ಮ ಏನೋ ಹೇಳೋಕೆ ಹೋಗಿ ಹೆದರಿಕೊಂಡ ಹಾಗಿದೆ.”

“ಅವರಲ್ಲ ಹೆದರಿದ್ದು,” ಎಂದರು ಮೇಡಂ.

“ಮತ್ತೆ?”

ಮೇಡಂ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಮಾರನೆಯ ದಿನ ವಾರ್ಡಕ್ಕ ಕೋಣೆಗೆ ಬಂದಾಗ ಅವರ ಮುಖದಲ್ಲಿ ವಿಧೇಯತೆಯಿರಲಿಲ್ಲ. ಕೂರಿ ಎನ್ನುವ ಮೊದಲೇ ಕುರ್ಚಿ ಎಳೆದು ಕೂತರು.

“ಮೇಡಂ, ನಾನು ಈ ವಿಷಯ ಬಿಟ್ಟುಬಿಡ್ತೀನಿ. ಕೈ ತೊಳೆಯೋದ್ರ ಮೇಲೆ ಮಾಡ್ತೀನಿ.”

“ಕೈ ತೊಳೆಯೋದ್ರ ಮೇಲೆ ಈ ಕಾಲೇಜಲ್ಲೇ ಹದಿನಾರು ಪುಸ್ತಕ ಇದೆ ಸಿಸ್ಟರ್.”

“ಇರಲಿ, ಹದಿನೇಳಾಗುತ್ತೆ. ಕೈಯಾದ್ರೂ ಸ್ವಚ್ಛ ಆಗುತ್ತೆ.” ವಾರ್ಡಕ್ಕ ಫೈಲಿನ ದಾರ ಬಿಚ್ಚಿದರು, ಮತ್ತೆ ಕಟ್ಟಿದರು. “ತಪ್ಪು ತಿಳ್ಕೋಬೇಡಿ. ಮೊದಲನೇ ಸಲ ಬರೆದಾಗ ನಾನು ಏನು ಹುಡುಕೋಕೆ ಹೊರಟಿದ್ದೀನಿ ಅಂತ ನನಗೆ ಗೊತ್ತಿತ್ತು. ಈಗ ಓದಿದ್ರೆ ನನಗೇ ಅರ್ಥ ಆಗ್ತಿಲ್ಲ. ನಿನ್ನೆ ನಮ್ಮೆಜಮಾನ್ರಿಗೆ ಓದಿ ಹೇಳಿದೆ. ಸರ್ಕಾರದ ಯೋಜನೆನಾ ಅಂತ ಕೇಳಿದ್ರು.”

ಮೇಡಂ ನಗಲಿಲ್ಲ.

“ನನ್ನದರಲ್ಲೂ ಒಂದು ಕೊರತೆ ಇತ್ತು, ಗೊತ್ತು,” ವಾರ್ಡಕ್ಕ ದನಿ ತಗ್ಗಿಸಿದರು. “ಹೇಗೆ ಗೊತ್ತಾಯ್ತು ಅಂತ ನೀವು ಕೇಳ್ತೀರಲ್ಲ, ಅದು. ನಾನು ಕಣ್ಣಲ್ಲಿ ನೋಡಿದ್ದೀನಿ ಅಷ್ಟೆ. ಹಳೇ ಚಾರ್ಟೆಲ್ಲ ತಿರುವಿ ಹಾಕಿದೆ. ಜ್ವರ ಇದೆ, ನಾಡಿ ಇದೆ, ಎಷ್ಟು ಮೂತ್ರ ಹೋಯ್ತು ಅನ್ನೋದೂ ಇದೆ. ರೋಗಿ ನೀರು ಕೇಳಿದ ಅಂತ ಒಂದು ಕಡೆನೂ ಇಲ್ಲ ಮೇಡಂ. ಹದಿನೆಂಟು ವರ್ಷದಲ್ಲಿ ನಾನೂ ಒಂದ್ಸಲನೂ ಬರೆದಿಲ್ಲ. ಸಾಕ್ಷಿನೇ ಇಲ್ಲದ ಮೇಲೆ ಕಮಿಟಿಯವರು ಕೇಳಿದ್ರೆ ಏನು ಹೇಳ್ಲಿ?”

ಕಿಟಕಿಯ ಕೆಳಗೆ ಆಸ್ಪತ್ರೆಯ ಅಂಗಳದಲ್ಲಿ ಯಾರೋ ಸ್ಟ್ರೆಚರು ತಳ್ಳಿಕೊಂಡು ಹೋಗುತ್ತಿದ್ದರು, ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು. ಮೇಡಂ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

“ಮೊದಲನೇ ಹಾಳೆ ಇದೆಯಾ?”

“ಇದೆ.”

“ತೆಗೀರಿ. ಅದರ ಹಿಂದೆ ಬರ್ಕೊಳ್ಳಿ. ಒಂದು ಕೇಸು ಹೇಳ್ತೀನಿ.”

ವಾರ್ಡಕ್ಕನಿಗೆ ಜೀವ ಬಂತು. ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೆದರು. ಐದು ವಾರದಲ್ಲಿ ಬೇರೇನೂ ಕಲಿಯದಿದ್ದರೂ ಪ್ರಶ್ನೆ ಕೇಳುವುದನ್ನು ಕಲಿತಿದ್ದರು, ಅದೂ ಮೇಡಂ ಬಾಯಿಂದಲೇ.

“ರೋಗಿ?”

“ಗಂಡಸು. ಐವತ್ತೊಂಬತ್ತು.”

“ಬಾಯಿಗೆ ಬೇಡ ಅಂದಿದ್ದು ಎಷ್ಟು ಹೊತ್ತಿಂದ?”

“ರಾತ್ರಿ ಹತ್ತು.”

“ಆಪರೇಷನ್ ಮುಂದಕ್ಕೆ ಹೋಗಿದ್ದು?”

“ಮರುದಿನ ಮಧ್ಯಾಹ್ನ ಒಂದೂವರೆ. ಅದರ ಮರುದಿನ ಬೆಳಿಗ್ಗೆ ಹತ್ತಕ್ಕೆ ಆಯ್ತು.”

“ಮಧ್ಯೆ ಕುಡಿಯೋಕೆ ಯಾವಾಗ ಕೊಟ್ರು?”

“ಕೊಡಲಿಲ್ಲ.”

ವಾರ್ಡಕ್ಕ ಬೆರಳು ಮಡಿಸಿದರು. “ಅಂದ್ರೆ ಒಟ್ಟು ಮೂವತ್ತಾರು ಗಂಟೆ. ಅಯ್ಯೋ ದೇವರೇ... ಅದರಲ್ಲಿ ಎಂಟೂವರೆ ಗಂಟೆ ಸುಮ್ಮಸುಮ್ಮನೆ. ನೀರು ಕೇಳಿದ್ರಾ?”

“ಮೂರು ಸಲ ಕೇಳಿದ್ರು.”

“ಯಾರನ್ನ ಕೇಳಿದ್ರು? ಸ್ಟಾಫನ್ನಾ?”

“ಹೆಂಡತೀನ. ನಾಲ್ಕರಿಂದ ಏಳರವರೆಗೆ ಪಕ್ಕದಲ್ಲೇ ಕೂತಿದ್ದಳು.”

“ಪಾಪ, ಮನೆಯವರಿಗೆ ಏನು ಗೊತ್ತಾಗುತ್ತೆ. ಬೋರ್ಡು ನೋಡಿ ಹೆದರ್ತಾರೆ.” ವಾರ್ಡಕ್ಕ ಬರೆಯುತ್ತಲೇ ಇದ್ದರು.

“ಗೊತ್ತಿತ್ತು. ಮುಂದಕ್ಕೆ ಹೋಗಿದೆ ಅಂತ ಗೊತ್ತಿತ್ತು. ನೀರು ಕೊಟ್ರೆ ಏನೂ ಆಗಲ್ಲ ಅಂತಲೂ ಗೊತ್ತಿತ್ತು. ಅವಳು ನರ್ಸು.”

ಪೆನ್ನು ನಿಂತಿತು. ವಾರ್ಡಕ್ಕ ತಲೆಯೆತ್ತಿ ಮೇಡಂ ಮುಖ ನೋಡಿದರು, ಮತ್ತೆ ಹಾಳೆ ನೋಡಿದರು. ಹದಿನೆಂಟು ವರ್ಷ ವಾರ್ಡಿನಲ್ಲಿ ಇದ್ದವರಿಗೆ ಮಿಕ್ಕದ್ದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಕೈ ಮೇಜಿನ ಮೇಲಿನಿಂದ ಮೇಡಂ ಬೆನ್ನಿನ ಕಡೆಗೆ ಹೊರಟು, ಅರ್ಧ ದಾರಿಯಲ್ಲಿ ಧೈರ್ಯ ಸಾಲದೆ, ಪೇಪರ್‌ವೇಟಿನ ಮೇಲೆ ಕೂತಿತು.

“ಇದನ್ನ... ಬರೀಬೇಕಾ ಮೇಡಂ?”

“ಬರೀರಿ. ಹೆಂಡತಿ ನರ್ಸು ಅನ್ನೋದನ್ನೂ ಬರೀರಿ. ಗೊತ್ತಿದ್ದವರೂ ಬೋರ್ಡು ತೆಗೆಯಲ್ಲ ಅನ್ನೋದೇ ನಿಮ್ಮ ಪಾಯಿಂಟು.” ಮೇಡಂ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಮೊದಲನೆಯ ಹೇಳಿಕೆಯ ಕೆಳಗೆ ಸಹಿ ಹಾಕಿದರು. “ನಾಳೆ ಕಮಿಟಿಯಲ್ಲಿ ಯಾವ ಆಸ್ಪತ್ರೆ, ಯಾರು ಅಂತ ಕೇಳಿದ್ರೆ ಗೈಡ್ ಹೇಳ್ತಾರೆ ಅನ್ನಿ. ನಾನು ಹೇಳ್ತೀನಿ.”

ಕಮಿಟಿ ಕೇಳಿತು. ಐದು ಜನರಲ್ಲಿ ಒಬ್ಬರು, ಇಷ್ಟು ಸಣ್ಣ ವಿಷಯಕ್ಕೆ ಒಂದು ವರ್ಷ ಬೇಕೇ ಎಂದರು. ಇನ್ನೊಬ್ಬರು ಹಿನ್ನೆಲೆಯಲ್ಲಿ ಬರೆದಿರುವ ಕೇಸು ನಂಬುವಂಥದ್ದೇ ಎಂದು ಹುಬ್ಬೇರಿಸಿದರು. ಮೇಡಂ ಎದ್ದು ನಿಂತು ಹೇಳಬೇಕಾದುದನ್ನು ಹೇಳಿ ಕೂತರು. ಹುಬ್ಬೇರಿಸಿದವರೇ ರಿಜಿಸ್ಟರು ಎಳೆದುಕೊಂಡು ಪಾಸಾಯಿತು ಎಂದು ಬರೆದುಕೊಂಡರು. ಹೊರಗೆ ಬಂದಾಗ ವಾರ್ಡಕ್ಕ ಅಳುತ್ತಿದ್ದರು. ಮೇಡಂ ಅಳುತ್ತಿರಲಿಲ್ಲ. ಅವರಿಗೆ ಇನ್ನೊಂದು ಕಡೆ ಹೇಳುವುದು ಬಾಕಿಯಿತ್ತು.

ಸಂಜೆ ಮಗಳು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿರುವಾಗಲೇ ಮೇಡಂ ಹೇಳಿದರು. ಕಾಫಿ ಕುಡಿದಾದ ಮೇಲೆ ಎಂದುಕೊಂಡರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಗೊತ್ತಿತ್ತು. ನಾಲ್ಕು ಗಂಟೆ, ಬೋರ್ಡು, ಹಳೆಯ ವಿದ್ಯಾರ್ಥಿನಿ, ಹತ್ತಿ, ಏಳು ಗಂಟೆ. ಯಾವುದನ್ನೂ ಮೆತ್ತಗೆ ಮಾಡಲಿಲ್ಲ.

ಮಗಳು ಒಂದು ಚಪ್ಪಲಿ ಕಾಲಲ್ಲೇ ಇರುವಂತೆ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಳು.

“ಏನೂ ಕೇಳಲಿಲ್ಲ ಅಂದಿದ್ದೆ ನೀನು.”

“ಹೌದು.”

“ಎರಡು ವರ್ಷ.”

“ಹೌದು.”

ಅವಳು ಬೈಯುತ್ತಾಳೆಂದು ಮೇಡಂ ಕಾದರು. ಬೈದಿದ್ದರೆ ಹಿತವಾಗುತ್ತಿತ್ತು. ಪಕ್ಕದ ಮನೆಯ ಕುಕ್ಕರು ಎರಡು ಸಲ ಕೂಗಿ ನಿಂತಿತು.

“ಕೊನೇ ಸಲ ಹೇಗೆ ಕೇಳಿದ್ರು?” ಎಂದಳು ಮಗಳು. “ಅಪ್ಪ ಸುಮ್ಮನೆ ನೀರು ಕೊಡು ಅಂತ ಅಂದಿರಲ್ಲ. ಅವರ ಮಾತಲ್ಲೇ ಹೇಳು.”

ಅದನ್ನು ಮೇಡಂ ವಾರ್ಡಕ್ಕನಿಗೆ ಹೇಳಿರಲಿಲ್ಲ. ಕಮಿಟಿಗೂ ಹೇಳಿರಲಿಲ್ಲ.

“ಏಳಕ್ಕೆ ಐದು ನಿಮಿಷ ಇತ್ತು. ನಾನು ಬ್ಯಾಗು ತಗೊಂಡೆ. ಬೋರ್ಡಿನ ಕಡೆ ಕೈ ತೋರಿಸಿ ಅಂದ್ರು: ‘ಮೇಡಮ್ಮ, ಟ್ರಿಪ್ಪು ಕ್ಯಾನ್ಸಲ್ ಆದ ಮೇಲೆ ಬೋರ್ಡು ಇಳಿಸಬೇಕು ಕಣೆ. ನಮ್ಮ ಡಿಪೋದಲ್ಲಿ ಇಳಿಸದೇ ಇದ್ರೆ ಮೆಮೊ ಕೊಡ್ತಾರೆ. ಇಲ್ಲಾಂದ್ರೆ ಪ್ಯಾಸೆಂಜರು ಪಾಪ ಕಾಯ್ತಾನೇ ಇರ್ತಾನೆ.’”

ಮಗಳಿಗೆ ನಗು ಬಂದುಬಿಟ್ಟಿತು. ಅಪ್ಪನ ಮಾತಿಗೆ ಅವಳಿಗೆ ಯಾವಾಗಲೂ ಹಾಗೆಯೇ, ತಡೆಯಲು ಆಗುತ್ತಿರಲಿಲ್ಲ. ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡಳು, ಭುಜ ಕುಲುಕಿತು, ಅದು ಯಾವಾಗ ಅಳುವಾಯಿತೋ ತಿಳಿಯಲಿಲ್ಲ.

“ನಗಲಿಲ್ವಾ ನೀನು?” ಎಂದಳು ಕೊನೆಗೆ.

“ಇಲ್ಲ,” ಎಂದರು ಮೇಡಂ. “ಸುಮ್ನೆ ಇರಿ, ಮಾತಾಡಿದ್ರೆ ಬಾಯಿ ಇನ್ನೂ ಒಣಗುತ್ತೆ ಅಂದೆ.”